ಅಂಟುಕೀಲು: ಹಳೆಯ ಕಂಬದಲ್ಲಿ ಹೊಸ ಕಬ್ಬಿಣವನ್ನು ನೆಡುವ ವಿಚಾರ

ಇರುವ ಕಟ್ಟಡಕ್ಕೆ ಇಲ್ಲದುದನ್ನು ಕೂಡಿಸುವ ಕೆಲಸವು ಕಟ್ಟಡದ ಕೆಲಸಗಳಲ್ಲೆಲ್ಲ ಸಾಮಾನ್ಯವಾದುದು. ಆದರೂ ಅದು ವಿಚಾರಕ್ಕೆ ಒಳಗಾಗುವುದು ಬಹಳ ಕಡಮೆ. ಹೊಸದಾಗಿ ಎಬ್ಬಿಸುವ ಮನೆಗೆ ನಕ್ಷೆಯುಂಟು, ಲೆಕ್ಕವುಂಟು, ಎಂಜಿನಿಯರನ ರುಜುವುಂಟು. ಹತ್ತು ವರ್ಷಗಳ ಮೇಲೆ ಅದೇ ಮನೆಯ ಕಂಬಕ್ಕೆ ತಗಡಿನ ಚಪ್ಪರವನ್ನೋ ಮೆಟ್ಟಿಲ ಕೈಪಿಡಿಯನ್ನೋ ನೀರಿನ ತೊಟ್ಟಿಯ ಅಟ್ಟಣೆಯನ್ನೋ ತಗುಲಿಸಬೇಕಾಗಿ ಬಂದಾಗ ಇವು ಯಾವುವೂ ಇರುವುದಿಲ್ಲ. ಮೇಸ್ತ್ರಿಯೊಬ್ಬನೂ ಕೊರೆಯುವ ಯಂತ್ರವೊಂದೂ ಇದ್ದರೆ ಸಾಕೆಂಬ ಭಾವನೆ ಎಲ್ಲೆಡೆಯೂ ಇದೆ. ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಒಟ್ಟುಗೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಶಾಲೆಯ ಜಗುಲಿಗೆ ಒಂದು ನೆರಳು ಬೇಕೆಂಬ ಮಾತು ಇಂಥ ಬಿಸಿಲುಸೀಮೆಯ ಉಪಾಧ್ಯಾಯರಿಗೆ ಹೊಸದಲ್ಲ. ಆ ನೆರಳಿನ ಭಾರವನ್ನೆಲ್ಲ ಹಳೆಯ ಕಂಬದೊಳಗೆ ಒಂದು ಗೇಣಿಗಿಂತಲೂ ಕಡಮೆ ಆಳ ಇಳಿದಿರುವ ಕಬ್ಬಿಣದ ಕಡ್ಡಿಯೊಂದು ಹೊರುತ್ತದೆಂಬುದನ್ನು ನೆನೆದರೆ, ಅದರ ಕೆಳಗೆ ಮಕ್ಕಳನ್ನು ಕೂರಿಸುವವರು ಈ ಕಡ್ಡಿಯ ವಿಚಾರವನ್ನು ಒಂದಿಷ್ಟು ತಿಳಿದಿರುವುದು ಯುಕ್ತವೆಂದು ತೋರುತ್ತದೆ.

ಗಟ್ಟಿಯಾದ ಕಾಂಕ್ರೀಟಿನಲ್ಲಿ ರಂಧ್ರವನ್ನು ಕೊರೆದು, ಅದರೊಳಗೆ ಎರಡು ಭಾಗಗಳು ಬೆರೆತೊಡನೆ ಗಟ್ಟಿಯಾಗುವ ರಾಳವನ್ನು ತುಂಬಿ, ತಿರುಪಿನ ಕಡ್ಡಿಯನ್ನಾಗಲಿ ಕಂಬಿಯನ್ನಾಗಲಿ ಅದರಲ್ಲಿ ಕೂರಿಸುವುದೇ ಈ ವಿಧಾನ. ಅಂಗಡಿಯವರು ಇದನ್ನು ಕೆಮಿಕಲ್ ಆಂಕರ್ ಎನ್ನುವರು. ಆಂಕರ್ ಎಂಬುದಕ್ಕೆ ಲಂಗರು ಎಂದು ಕನ್ನಡಿಸಬಹುದಾದರೂ, ಲಂಗರು ಹಡಗಿಗೆ ಸಂಬಂಧಿಸಿದ ಮಾತು. ಸಮುದ್ರತಳದ ಮಣ್ಣಿಗೆ ಕೊಕ್ಕೆಹಾಕಿ ಹಿಡಿಯುವ, ಬೇಕೆಂದಾಗ ಮೇಲೆತ್ತಿಕೊಳ್ಳುವ ವಸ್ತು. ಇಲ್ಲಿರುವುದು ಕೊಕ್ಕೆಯೂ ಅಲ್ಲ, ಎತ್ತಿಕೊಳ್ಳುವಂಥದೂ ಅಲ್ಲ. ಕೀಲು ಎಂಬ ಮಾತಾದರೋ ನೆಟ್ಟ ಗೂಟಕ್ಕೂ, ಎರಡು ಅಂಗಗಳು ಕೂಡುವ ಎಡೆಗೂ ಸಲ್ಲುತ್ತದೆ. ಈ ಎರಡರ್ಥಗಳೂ ಇಲ್ಲಿ ಬೇಕಾಗಿರುವುದರಿಂದ ಈ ಲೇಖನದಲ್ಲಿ ಅಂಟುಕೀಲು ಎಂಬ ಮಾತನ್ನು ಬಳಸಿದೆ.

ಅಂಟಿನಿಂದ ಕಲ್ಲನ್ನೂ ಲೋಹವನ್ನೂ ಹಿಡಿಸುವ ಆಲೋಚನೆ ಹೊಸದಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಒಂದು ಅಧ್ಯಾಯವೇ ಇದೆ. ಹಸಿಯ ತಿಂದುಕದ ಕಾಯಿ, ಬೇಲದ ಕಾಯಿ, ಬೂರುಗದ ಹೂವು, ಸಲ್ಲಕಿಯ ಬೀಜ, ಧನ್ವನದ ತೊಗಟೆ, ಬಜೆ ಇವನ್ನು ಒಂದು ದ್ರೋಣ ನೀರಿನಲ್ಲಿ ಕುದಿಸಿ, ಎಂಟನೆಯ ಒಂದು ಪಾಲಿಗೆ ಇಳಿಸಿ, ಗುಗ್ಗುಳ, ಸರ್ಜರಸ, ಅಗಸೆ, ಬಿಲ್ವ ಮೊದಲಾದುವನ್ನು ಕೂಡಿಸಿ, ಬಿಸಿಯಾಗಿರುವಾಗಲೇ ದೇವಾಲಯಗಳಿಗೂ ಪ್ರತಿಮೆಗಳಿಗೂ ಗೋಡೆ ಬಾವಿಗಳಿಗೂ ಲೇಪಿಸಬೇಕೆಂಬುದು ಅಲ್ಲಿನ ವಿಧಿ. ಅದೇ ಅಧ್ಯಾಯದಲ್ಲಿ ಸೀಸ ಎಂಟು ಪಾಲು, ಕಂಚು ಎರಡು ಪಾಲು, ಹಿತ್ತಾಳೆ ಒಂದು ಪಾಲು ಸೇರಿಸಿ ಕರಗಿಸುವ ವಜ್ರಸಂಘಾತವೆಂಬುದನ್ನು ಮಯನ ಮತವೆಂದು ಹೇಳಿದೆ. ಗಿಡಮರಗಳ ರಾಳದಿಂದ ಅಂಟಿಸುವುದೊಂದು, ಲೋಹವನ್ನು ಕರಗಿಸಿ ಹೊಯ್ದು ಬಿಗಿಸುವುದೊಂದು, ಹೀಗೆ ಎರಡು ಮಾರ್ಗಗಳು ಅಂದಿಗೇ ತಿಳಿದಿದ್ದುವು. ಎಂದೂ ಅಳಿಯದುದನ್ನು ವಜ್ರಲೇಪವೆನ್ನುವ ರೂಢಿ ಕನ್ನಡದಲ್ಲಿ ಇಂದಿಗೂ ಉಳಿದಿದೆ. ಆದರೆ ಈ ಮಾತಿನ ಬಲವೇ ಈಗಿನ ಕೆಲಸಗಾರರನ್ನು ಮೋಸಗೊಳಿಸಿರುವಂತೆಯೂ ಕಾಣುತ್ತದೆ. ಅಂಟು ಗಟ್ಟಿಯಾಗಿದ್ದರೆ ಎಲ್ಲವೂ ಗಟ್ಟಿಯೆಂದು ಅವರು ನಂಬುತ್ತಾರೆ. ಅಂಟು ಎಷ್ಟೇ ಗಟ್ಟಿಯಾಗಿರಲಿ, ಅದು ಹಿಡಿದುಕೊಂಡಿರುವ ಕಂಬ ಎಷ್ಟನ್ನು ಬಿಟ್ಟುಕೊಡದೆ ನಿಲ್ಲಬಲ್ಲುದೆಂಬುದೇ ಕಡೆಯ ನಿರ್ಣಯ.

ಇದನ್ನು ತಿಳಿಯಲು ಮಧುಗಿರಿಯ ಬೆಟ್ಟವೇ ಒಳ್ಳೆಯ ನಿದರ್ಶನ. ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿ ಎತ್ತರಕ್ಕೆ ಏರಿರುವ ಈ ಏಕಶಿಲೆಯು, ರಾಮನಗರದ ಕಡೆಯಿಂದ ಉತ್ತರಕ್ಕೆ ಹಬ್ಬಿರುವ, ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿಗೆ ಸೇರಿದುದು. ಕೋಟೆಗೆ ಏರುವ ಕಡಿದಾದ ದಾರಿಯಲ್ಲಿ ಹತ್ತುವವರ ಆಸರೆಗೆಂದು ಕಬ್ಬಿಣದ ಕಂಬಿಗಳನ್ನು ನೆಟ್ಟಿದೆ. ಅಂಥ ಬಂಡೆಯಲ್ಲಿ ನೆಟ್ಟ ಕಡ್ಡಿಯೊಂದನ್ನು ಹಿಡಿದು ನೇರವಾಗಿ ಎಳೆದರೆ ಏನಾದೀತು? ಮೂರು ಬಗೆಯಲ್ಲಿ ಅದು ಸೋಲಬಹುದು. ಕಡ್ಡಿಯೇ ತುಂಡಾಗಬಹುದು, ಅಂಟಿನ ಹಿಡಿತ ತಪ್ಪಿ ಕಡ್ಡಿ ಜಾರಿ ಹೊರಗೆ ಬರಬಹುದು, ಇಲ್ಲವೆ ಕಡ್ಡಿಯೂ ಅಂಟೂ ಸರಿಯಾಗಿದ್ದು, ಅವುಗಳ ಸುತ್ತಣ ಕಲ್ಲೇ ಆಲಿಕೆಯ ಆಕಾರದಲ್ಲಿ ಕಿತ್ತು ಬರಬಹುದು. ಈ ಆಲಿಕೆಯ ತುದಿ ಕಡ್ಡಿಯ ಬುಡದಲ್ಲಿಯೂ, ಬಾಯಿ ಹೊರಮೈಯಲ್ಲಿಯೂ ಇರುತ್ತವೆ. ಬಾಯಿಯ ಅಗಲ ಕಡ್ಡಿಯ ಆಳಕ್ಕೆ ಸುಮಾರು ಮೂರರಷ್ಟೆಂದು ಲೆಕ್ಕದಲ್ಲಿ ಹಿಡಿಯುವರು. ಕಡ್ಡಿ ೧೦೦ ಮಿಲಿಮೀಟರು ಇಳಿದಿದ್ದರೆ ಅದರ ಸುತ್ತ ಪ್ರತಿ ಕಡೆಗೂ ೧೫೦ ಮಿಲಿಮೀಟರು ಕಲ್ಲು ಬೇಕು. ಬೆಟ್ಟಕ್ಕೆ ಇದೇನು ದೊಡ್ಡದು! ಅಂಚು ಎಂಬುದೇ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಕಂಬದ ಸ್ಥಿತಿ ಹೀಗಲ್ಲ. ಇಟ್ಟಿಗೆ ಗೋಡೆಯ ಒಂಬತ್ತು ಅಂಗುಲದ ದಪ್ಪದೊಳಗೆ ಅಡಗಿರಲೆಂದು ನಮ್ಮ ನಾಡಿನ ಸಾಧಾರಣ ಮನೆ ಶಾಲೆಗಳ ಕಂಬಗಳ ಒಂದು ಮಗ್ಗುಲನ್ನು ೨೩೦ ಮಿಲಿಮೀಟರಿಗೆ ಕಟ್ಟುವುದು ವಾಡಿಕೆ. ಅದರ ನಟ್ಟನಡುವೆ ಕೊರೆದರೂ ಎರಡು ಅಂಚುಗಳೂ ೧೧೫ ಮಿಲಿಮೀಟರಿನಲ್ಲಿಯೇ ಮುಗಿಯುತ್ತವೆ. ಆಲಿಕೆಯು ಎರಡು ಪಕ್ಕಗಳಲ್ಲಿಯೂ ಕತ್ತರಿಸಿಹೋಗುತ್ತದೆ. ಇದರ ಪರಿಣಾಮವನ್ನು ಅಂಕಗಳಲ್ಲಿ ನೋಡಬಹುದು. ಯೂರೋಪಿನಲ್ಲಿ ೨೦೧೮ರಲ್ಲಿ ಪ್ರಕಟವಾದ ಸಂಹಿತೆಯ ಸೂತ್ರದಂತೆ, ಎಂ-೨೫ ದರ್ಜೆಗೆ ಸಮೀಪವಾದ, ಕೂದಲೆಳೆಯ ಬಿರುಕು ಇರಬಹುದೆಂದು ಭಾವಿಸಿದ ಕಾಂಕ್ರೀಟಿನಲ್ಲಿ, ಅಂಚುಗಳು ದೂರವಿದ್ದರೆ, ೧೦೦ ಮಿಲಿಮೀಟರು ಆಳದ ಒಂದು ಕೀಲಿನ ಸುತ್ತಣ ಆಲಿಕೆಯು ಸುಮಾರು ೩೪ ಕಿಲೋನ್ಯೂಟನ್ ಎಳೆತಕ್ಕೆ ಕೀಳುತ್ತದೆ. ಒಂದು ಕಿಲೋನ್ಯೂಟನ್ ಎಂದರೆ ಸುಮಾರು ನೂರು ಕಿಲೋಗ್ರಾಂ ತೂಕವೆಂದು ತಿಳಿಯಬಹುದು. ಅದೇ ಕೀಲನ್ನು ೨೩೦ ಮಿಲಿಮೀಟರು ಅಗಲದ ಮಗ್ಗುಲಿನ ನಡುವೆ ನೆಟ್ಟರೆ ಈ ಬಲ ೨೪.೫ಕ್ಕೆ ಇಳಿಯುತ್ತದೆ. ಹನ್ನೆರಡು ಮಿಲಿಮೀಟರಿನ ಗಟ್ಟಿ ಉಕ್ಕಿನ ಕಡ್ಡಿ ತುಂಡಾಗಲು ಸುಮಾರು ೬೭ ಬೇಕು. ಅಂಟಿನ ಹಿಡಿತವನ್ನು ಚದರ ಮಿಲಿಮೀಟರಿಗೆ ೮ ನ್ಯೂಟನ್ ಎಂದಿಟ್ಟುಕೊಂಡರೆ, ಅಂಚಿನ ಕಡಿತವನ್ನು ಕಳೆದ ಮೇಲೂ ಅದು ೨೭ರ ವರೆಗೆ ತಡೆಯುತ್ತದೆ. ಆದುದರಿಂದ ಮೊದಲು ಸೋಲುವುದು ಕಬ್ಬಿಣವೂ ಅಲ್ಲ, ಅಂಟೂ ಅಲ್ಲ, ಕಂಬ.

ಇಲ್ಲಿಯ ವರೆಗೆ ವಾಚಕರಿಗೆ ಆಶ್ಚರ್ಯವೇನೂ ತೋರದಿರಬಹುದು. ಒಂದು ಕೀಲು ಸಾಲದಿದ್ದರೆ ಎರಡನ್ನು ನೆಟ್ಟರಾಯಿತು ಎಂಬ ಸಹಜವಾದ ಉಪಾಯವನ್ನು ಈ ಲೆಕ್ಕಕ್ಕೆ ಒಡ್ಡಿದಾಗ ವಿಷಯದ ಮರ್ಮ ತಿಳಿಯುತ್ತದೆ. ಅದೇ ಮಗ್ಗುಲಿನಲ್ಲಿ ನೂರು ಮಿಲಿಮೀಟರು ಅಂತರದಲ್ಲಿ ಎರಡು ಕೀಲುಗಳನ್ನು ಅಕ್ಕಪಕ್ಕದಲ್ಲಿ ನೆಟ್ಟರೆ, ಪ್ರತಿಯೊಂದೂ ಅಂಚಿಗೆ ೬೫ ಮಿಲಿಮೀಟರಿನಷ್ಟು ಹತ್ತಿರವಾಗುತ್ತದೆ. ಇಬ್ಬರ ಆಲಿಕೆಗಳೂ ಒಂದರೊಳಗೊಂದು ಬೆರೆತು ಒಂದೇ ಹೆಂಟೆಯಾಗುತ್ತವೆ. ಆ ಹೆಂಟೆಯ ಅಗಲ ಮೊದಲಿನಂತೆಯೇ ೨೩೦. ಅಂಚು ಹತ್ತಿರವಾದುದರ ದಂಡವನ್ನೂ ಕಳೆದರೆ ಎರಡೂ ಸೇರಿ ಹೊರುವ ಎಳೆತ ಸುಮಾರು ೨೨, ಅಂದರೆ ಒಂದೇ ಕೀಲು ಹೊರುತ್ತಿದ್ದುದಕ್ಕಿಂತಲೂ ಕಡಮೆ! ಹೆಚ್ಚು ಆಳಕ್ಕೆ ಇಳಿಸುವ ಉಪಾಯವೂ ಇದಕ್ಕಿಂತ ಬಹಳ ಮೇಲಲ್ಲ. ಬಂಡೆಯಲ್ಲಿ ಆಳವನ್ನು ಎರಡರಷ್ಟು ಮಾಡಿದರೆ ಆಲಿಕೆಯ ಬಲ ೨.೮ರಷ್ಟಾಗುತ್ತದೆ. ೨೩೦ಕ್ಕೆ ೪೫೦ ಮಿಲಿಮೀಟರಿನ ಕಂಬದ ಕಿರುಮಗ್ಗುಲಿನಲ್ಲಿ ಆಳವನ್ನು ೧೦೦ರಿಂದ ೨೦೦ಕ್ಕೆ ಏರಿಸಿದರೆ ಬಲವು ೨೪.೫ರಿಂದ ಬರಿಯ ೩೦ಕ್ಕೆ ಏರುತ್ತದೆ. ಅಂಟು ಎರಡರಷ್ಟು, ಕೊರೆತ ಎರಡರಷ್ಟು, ಫಲ ಮಾತ್ರ ಕಾಲುಪಾಲಿಗೂ ಕಡಮೆ.

ಈಗ ಶಾಲೆಯ ಜಗುಲಿಯ ಚಪ್ಪರವನ್ನೇ ಎತ್ತಿಕೊಳ್ಳಬಹುದು. ಕಂಬಗಳ ನಡುವೆ ಮೂರು ಮೀಟರು ಅಂತರ, ತಗಡಿನ ಚಾಚು ಒಂದೂವರೆ ಮೀಟರು, ತಗಡು ಚೌಕಟ್ಟುಗಳ ತೂಕವೂ ಮೇಲೆ ಹತ್ತಿ ರಿಪೇರಿ ಮಾಡುವವರ ಭಾರವೂ ಸೇರಿ ಚದರ ಮೀಟರಿಗೆ ಒಂದು ಕಿಲೋನ್ಯೂಟನ್ ಎಂದು ಇಟ್ಟುಕೊಂಡರೆ, ಒಂದೊಂದು ಕಂಬದ ಪಾಲಿಗೆ ೪.೫ ಕಿಲೋನ್ಯೂಟನ್ ಬರುತ್ತದೆ. ತೂಕ ಹೆಚ್ಚೇನೂ ಅಲ್ಲ. ಆದರೆ ಅದು ಕಂಬದಿಂದ ಮುಕ್ಕಾಲು ಮೀಟರು ದೂರದಲ್ಲಿ ನೇತಾಡುತ್ತದೆ. ಕಂಬಕ್ಕೆ ತಗುಲಿಸಿದ ಬ್ರಾಕೆಟ್ಟಿನ ತಟ್ಟೆಯಲ್ಲಿ ಮೇಲಿನ ಕೀಲಿಗೂ ಕೆಳಗಿನ ಒತ್ತುನೆಲೆಗೂ ೧೮೦ ಮಿಲಿಮೀಟರು ಎಡೆಯಿದ್ದರೆ, ಸನ್ನೆಗೋಲಿನ ನ್ಯಾಯದಂತೆ ಮೇಲಿನ ಕೀಲಿನ ಮೇಲೆ ಸುಮಾರು ೧೯ ಕಿಲೋನ್ಯೂಟನ್ ಎಳೆತ ಬೀಳುತ್ತದೆ. ಭಾರಕ್ಕೆ ಒಂದೂವರೆಯ ಭದ್ರತಾಂಶವನ್ನು ಗುಣಿಸಿದರೆ ಇದು ೨೮, ಕಂಬದ ೨೪.೫ನ್ನು ಒಂದೂವರೆಯಿಂದ ಭಾಗಿಸಿದರೆ ಉಳಿಯುವುದು ೧೬. ಊರೂರಿನಲ್ಲಿಯೂ ಕಾಣಸಿಗುವಂಥ ಈ ಚಪ್ಪರವು ಲೆಕ್ಕದಲ್ಲಿ ನಿಲ್ಲುವುದಿಲ್ಲ. ಬ್ರಾಕೆಟ್ಟನ್ನು ಎರಡರಷ್ಟು ಉದ್ದಮಾಡಿ ಎಡೆಯನ್ನು ೩೬೦ ಮಿಲಿಮೀಟರಿಗೆ ಏರಿಸಿದರೆ ಎಳೆತ ೧೪ಕ್ಕೆ ಇಳಿದು ಲೆಕ್ಕ ಕೂಡುತ್ತದೆ. ಇಲ್ಲಿ ಇನ್ನೊಂದು ಗಂಟಿದೆ. ಭಾರತೀಯ ಮಾನಕ ೪೫೬ರ ೧೯೭೮ರ ಆವೃತ್ತಿಯು ಕಂಬಿಯ ಕಾಂಕ್ರೀಟಿಗೆ ಎಂ-೧೫ ದರ್ಜೆಯನ್ನೂ ಒಪ್ಪುತ್ತಿತ್ತು. ೨೦೦೦ದ ಆವೃತ್ತಿಯಲ್ಲಿ ಅದು ಎಂ-೨೦ಕ್ಕೆ ಏರಿತು. ಶಾಲೆಯು ಅದಕ್ಕೆ ಹಿಂದಿನದಾಗಿ, ಕಂಬ ಎಂ-೧೫ ಆಗಿದ್ದರೆ, ೧೬ ಎಂದದ್ದು ೧೨.೭ ಆಗಿ ಉದ್ದದ ಬ್ರಾಕೆಟ್ಟೂ ಸಾಲದೆ ಹೋಗುತ್ತದೆ. ಮುಂಗಾರಿನ ಮೊದಲ ಗಾಳಿ ಕೆಳಗಿನಿಂದ ನುಗ್ಗಿ ತಗಡನ್ನು ಮೇಲಕ್ಕೆತ್ತಿದಾಗ ಎಳೆತವು ಕೆಳಗಿನ ಕೀಲಿಗೆ ತಿರುಗುವುದೆಂಬುದನ್ನೂ ಮರೆಯುವಂತಿಲ್ಲ. ಇಂಥ ಸಂದರ್ಭದಲ್ಲಿ ಚಪ್ಪರದ ಹೊರತುದಿಗೆ ಎರಡು ಅಂಗುಲದ ಕೊಳವೆಯ ಕಂಬಗಳನ್ನು ನಿಲ್ಲಿಸಿಬಿಡುವುದು ಎಲ್ಲಕ್ಕಿಂತ ಉತ್ತಮ. ಆಗ ಹಳೆಯ ಕಂಬದ ಕೀಲಿಗೆ ತೂಕದ ಅರ್ಧಪಾಲನ್ನು ಕೆಳಮುಖವಾಗಿ ಹೊರುವ ಕೆಲಸವಷ್ಟೇ ಉಳಿಯುತ್ತದೆ. ಆ ಕೆಲಸಕ್ಕೆ ಅದು ಧಾರಾಳವಾಗಿ ಸಾಲುತ್ತದೆ. ಜಗುಲಿಯ ಮುಂದೆ ಕಂಬಗಳು ಕಣ್ಣಿಗೆ ಅಡ್ಡವೆಂದು ಇದನ್ನು ಒಲ್ಲದವರುಂಟು. ಅಂಥವರು ಕಂಬವನ್ನೇ ಸುತ್ತಿ ಬಿಗಿಯುವ ಉಕ್ಕಿನ ಪಟ್ಟಿಯನ್ನಾಗಲಿ, ಕಂಬವನ್ನು ತೂರಿ ಹಿಂಬದಿಯಲ್ಲಿ ತಟ್ಟೆಯಿಟ್ಟು ತಿರುಗಿಸುವ ಬೋಲ್ಟನ್ನಾಗಲಿ ಆಶ್ರಯಿಸಬಹುದು. ಇವುಗಳಲ್ಲಿ ಕಾಂಕ್ರೀಟು ಎಳೆಸಿಕೊಳ್ಳುವ ಬದಲು ಒತ್ತಿಸಿಕೊಳ್ಳುತ್ತದೆ. ಒತ್ತಡವನ್ನು ಸಹಿಸುವುದೇ ಅದರ ಹುಟ್ಟುಗುಣ.

ಈ ಹುಟ್ಟುಗುಣವನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಮಧುಗಿರಿಯ ವೆಂಕಟರಮಣ ಮಲ್ಲೇಶ್ವರ ದೇವಾಲಯಗಳ ಕಲ್ಕಂಬಗಳನ್ನು ನೋಡಿದರೂ, ೧೬೯೬ರಲ್ಲಿ ಕಡೆದ ಕಲ್ಲಿನಿಂದ ಕಟ್ಟಿದ ಸಿರಾದ ಜುಮ್ಮಾ ಮಸೀದಿಯನ್ನು ನೋಡಿದರೂ, ಭಾರವನ್ನು ಕಲ್ಲಿನಿಂದ ಕಲ್ಲಿಗೆ ಕೆಳಮುಖವಾಗಿ ಇಳಿಸುವುದೊಂದೇ ಅಲ್ಲಿನ ಸೂತ್ರ. ಮೇಲಿನ ತೂಕವೇ ಕೆಳಗಿನದನ್ನು ಅಲುಗದಂತೆ ಹಿಡಿದಿರುತ್ತದೆ. ಎಳೆತವನ್ನು ಹೊರಲೆಂದು ಕಲ್ಲಿನೊಳಗೆ ಕಬ್ಬಿಣವನ್ನು ಸೇರಿಸಿದ್ದು ಕಾಂಕ್ರೀಟಿನ ಕಾಲದವರು. ಅಂಟುಕೀಲು ಆ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ.

ಚಪ್ಪರಕ್ಕಿಂತ ಗುರುತರವಾದುದು ಹೊಸ ತೊಲೆಯನ್ನು ಹಳೆಯ ಕಂಬಕ್ಕೆ ಕೂಡಿಸುವ ಪ್ರಸಂಗ. ಇರುವ ಕೊಠಡಿಯ ಪಕ್ಕಕ್ಕೆ ಮತ್ತೊಂದು ಕೊಠಡಿ ಬೇಕಾದಾಗ, ಹೊಸ ತೊಲೆಯ ಕಂಬಿಗಳನ್ನು ಹಳೆಯ ಕಂಬದಲ್ಲಿ ಕೊರೆದ ರಂಧ್ರಗಳಲ್ಲಿ ಅಂಟಿಸಿ, ಒಂದೇ ಎರಕದಲ್ಲಿ ಹುಟ್ಟಿದುವೆಂಬಂತೆ ಭಾವಿಸುವುದುಂಟು. ಮಾನಕ ೪೫೬ರ ೨೦೦೦ದ ಆವೃತ್ತಿಯ ಲೆಕ್ಕದಲ್ಲಿ, ಎಂ-೨೦ ಕಾಂಕ್ರೀಟಿನಲ್ಲಿ ಎಫ್‌ಇ-೪೧೫ ಕಂಬಿಯೊಂದು ತನ್ನ ಪೂರ್ಣಬಲವನ್ನು ಕಾಂಕ್ರೀಟಿಗೆ ಒಪ್ಪಿಸಬೇಕಾದರೆ ತನ್ನ ದಪ್ಪದ ೪೭ರಷ್ಟು ಉದ್ದ ಹುದುಗಿರಬೇಕು. ಹದಿನಾರು ಮಿಲಿಮೀಟರಿನ ಕಂಬಿಗೆ ಇದು ೭೫೦ ಮಿಲಿಮೀಟರಿಗೂ ಮಿಗುತ್ತದೆ. ಕಂಬದ ಉದ್ದಮಗ್ಗುಲೇ ೪೫೦ ಆಗಿರುವಾಗ ಇಷ್ಟು ಉದ್ದವನ್ನು ಎಲ್ಲಿಂದ ತರುವುದು? ಹೊಸ ಕಟ್ಟಡದಲ್ಲಾದರೆ ಕಂಬಿಯ ತುದಿಯನ್ನು ಬಗ್ಗಿಸಿ ಕಂಬದೊಳಗೆ ಕೆಳಕ್ಕೆ ಇಳಿಸುತ್ತಾರೆ. ಕೊರೆದ ರಂಧ್ರದಲ್ಲಿ ಬಾಗಿದ ಕಂಬಿಯನ್ನು ತೂರಿಸುವುದು ಸಾಧ್ಯವಿಲ್ಲ. ಒಳ್ಳೆಯ ಎಪಾಕ್ಸಿ ಅಂಟಿನ ಹಿಡಿತ ಸಂಹಿತೆಯ ಅಂಕಕ್ಕಿಂತ ಮೇಲೆಂಬುದು ನಿಜ. ಆದರೆ ಮೇಲೆ ಕಂಡಂತೆ ಕಂಬಿಯ ಸುತ್ತಣ ಕಾಂಕ್ರೀಟಿಗೆ ಆ ಹಿಡಿತದಿಂದ ಲಾಭವಿಲ್ಲ. ಆದಕಾರಣ ಇಂಥ ಕೂಡಿಕೆಯನ್ನು ಬಿಗಿಗಂಟೆಂದು ಎಣಿಸದೆ, ತೊಲೆಯು ಅಲ್ಲಿ ಸುಮ್ಮನೆ ಒರಗಿದೆಯೆಂದು ಭಾವಿಸಿ ಅದಕ್ಕೆ ತಕ್ಕ ಕಂಬಿಗಳನ್ನು ನಡುವಿನಲ್ಲಿ ಕೊಡಬೇಕು. ಹಳೆಯ ಕಂಬದ ಪಕ್ಕದಲ್ಲಿ ಎರಡು ಅಂಗುಲ ಬಿಟ್ಟು ಹೊಸ ಕಂಬವನ್ನೇ ಎಬ್ಬಿಸುವುದು ಇನ್ನೂ ಮೇಲು. ಎರಡು ಕಟ್ಟಡಗಳ ಬೇರೆ ಬೇರೆ ಕುಸಿತದಿಂದ ಬಿರುಕು ಬೀಳುವ ಭಯವೂ ಇದರಿಂದ ತಪ್ಪುತ್ತದೆ.

ಕಾಲವೂ ಕಾವೂ ಅಂಟಿನ ಎರಡು ಶತ್ರುಗಳು. ಅಮೆರಿಕದ ಬೋಸ್ಟನ್ ನಗರದ ಸುರಂಗಮಾರ್ಗದಲ್ಲಿ ಅಂಟುಕೀಲುಗಳಿಂದ ತೂಗುಹಾಕಿದ್ದ ಕಾಂಕ್ರೀಟಿನ ಒಳಚಾವಣಿ ೨೦೦೬ರ ಜುಲೈ ೧೦ರಂದು ಕಾರೊಂದರ ಮೇಲೆ ಬಿದ್ದು ಒಬ್ಬರು ಸತ್ತರು. ಬಿದ್ದ ಭಾಗದ ತೂಕ ಇಪ್ಪತ್ತು ಟನ್ನಿಗೂ ಮೇಲು. ತನಿಖೆಯಲ್ಲಿ ತಿಳಿದ ಸಂಗತಿಯೆಂದರೆ, ಬೇಗನೆ ಗಟ್ಟಿಯಾಗುವ ಬಗೆಯ ಎಪಾಕ್ಸಿಯನ್ನು ಬಳಸಿದ್ದರು. ಅಲ್ಪಕಾಲದ ಪರೀಕ್ಷೆಯಲ್ಲಿ ಅದು ಚೆನ್ನಾಗಿಯೇ ನಿಂತಿತ್ತು. ಎಡೆಬಿಡದ ಎಳೆತದಲ್ಲಿ ಅದು ಕೂದಲೆಳೆಯಷ್ಟೆ ಜಾರುತ್ತ ಜಾರುತ್ತ ಕಡೆಗೆ ಕೈಬಿಟ್ಟಿತು. ಜಪಾನಿನ ಸಸಾಗೊ ಸುರಂಗದಲ್ಲಿ ೨೦೧೨ರ ಡಿಸೆಂಬರ್ ೨ರಂದು ಅಂಟುಕೀಲಿನಿಂದಲೇ ತೂಗಿದ್ದ ಚಾವಣಿಯ ಹಲಗೆಗಳು ನೂರು ಮೀಟರಿಗೂ ಹೆಚ್ಚು ಉದ್ದಕ್ಕೆ ಕುಸಿದು ಒಂಬತ್ತು ಮಂದಿ ಮಡಿದರು. ೧೯೭೭ರಲ್ಲಿ ತೆರೆದ ಆ ಸುರಂಗ ಮೂವತ್ತೈದು ವರ್ಷ ನಿಂತಿತ್ತು. ನಿರಂತರವಾದ ಎಳೆತವಿದ್ದಲ್ಲಿ ಅಂಟಿನ ಹಿಡಿತವನ್ನು ಸುಮಾರು ಅರ್ಧಕ್ಕೆ ಇಳಿಸಿ ಲೆಕ್ಕಹಾಕಬೇಕೆಂಬ ನಿಯಮ ಅಮೆರಿಕದ ಸಂಹಿತೆಯಲ್ಲಿ ಸೇರಿದ್ದು ಬೋಸ್ಟನ್ನಿನ ದುರ್ಘಟನೆಯ ಅನಂತರ, ೨೦೧೧ರಲ್ಲಿ. ತಲೆಯ ಮೇಲೆ ತೂಗುವ ವಸ್ತುಗಳಿಗೆ ಅಂಟುಕೀಲನ್ನು ಬಳಸದಿರುವುದೇ ಲೇಸು. ಕಾವಿನ ಮಾತಾದರೆ, ಎಪಾಕ್ಸಿಯು ಅರಗಿನಂತೆ ಕರಗುವುದಿಲ್ಲವಾದರೂ ಬಿಸಿಯಾದಂತೆ ಮೆತ್ತಗಾಗುವುದು. ಬೆಂಕಿ ತಗುಲಿದ ಕಟ್ಟಡದಲ್ಲಿ ಕಾಂಕ್ರೀಟು ಉಳಿದಿದ್ದರೂ ಕೀಲು ಉಳಿದಿದೆಯೆಂದು ನಂಬಲಾಗದು. ಪಾವಗಡದ ಬೇಸಗೆಯಲ್ಲಿ ಇನ್ನೊಂದು ತೊಡಕುಂಟು: ಬೆರೆಸಿದ ರಾಳವು ತಂಪಿನಲ್ಲಿ ಅರ್ಧಗಂಟೆ ಹದವಾಗಿದ್ದರೆ ಬಿಸಿಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ, ಕಡ್ಡಿ ಅರ್ಧ ಇಳಿಯುವಷ್ಟರಲ್ಲಿ ನಿಂತುಬಿಡುತ್ತದೆ. ಅಂಥ ಊರುಗಳಲ್ಲಿ ಮುಂಜಾನೆಯ ಹೊತ್ತಿನಲ್ಲಿಯೇ ಈ ಕೆಲಸವನ್ನು ಮುಗಿಸುವುದು ಜಾಣತನ.

ಲೆಕ್ಕ ಎಷ್ಟೇ ಸರಿಯಾಗಿದ್ದರೂ ಕೈಕೆಲಸದಲ್ಲಿ ಅದು ಹಾಳಾಗಬಹುದು. ಕೊರೆದ ರಂಧ್ರದ ಮೈಗೆ ಅಂಟಿಕೊಂಡ ಹುಡಿಯನ್ನು ತೆಗೆಯದಿದ್ದರೆ ರಾಳವು ಹಿಡಿಯುವುದು ಹುಡಿಯನ್ನೇ ಹೊರತು ಕಂಬವನ್ನಲ್ಲ. ಊದಿ, ತಂತಿಯ ಬ್ರಷ್ಷಿನಿಂದ ಉಜ್ಜಿ, ಮತ್ತೆ ಊದಬೇಕು, ಅದೂ ಒಂದು ಸಲವಲ್ಲ. ಬಾಯಿಯಿಂದ ಊದುವುದು ಏನಕ್ಕೂ ಬಾರದು. ರಾಳವನ್ನು ರಂಧ್ರದ ಬುಡದಿಂದ ತುಂಬುತ್ತ ಬರಬೇಕು, ಇಲ್ಲವಾದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆಳವನ್ನು ಗಾರೆಯ ಮೈಯಿಂದ ಅಳೆಯದೆ ಕಾಂಕ್ರೀಟಿನ ಮೈಯಿಂದ ಅಳೆಯಬೇಕೆಂಬುದು ಸಣ್ಣ ಮಾತೆಂದು ತೋರಿದರೂ, ೨೦ ಮಿಲಿಮೀಟರಿನ ಗಾರೆಯುಳ್ಳ ಕಂಬದಲ್ಲಿ ನೂರೆಂದು ಕೊರೆದದ್ದು ಎಂಬತ್ತೇ ಆಗಿ ಅಂಟಿನ ಹಿಡಿತದ ಐದನೆಯ ಒಂದು ಪಾಲು ಕೆಲಸವಿಲ್ಲದ ಗಾರೆಯಲ್ಲಿ ಕಳೆದುಹೋಗುತ್ತದೆ. ಕೊರೆಯುವಾಗ ಕಂಬಿ ಸಿಕ್ಕಿದರೆ ಅದನ್ನು ಕತ್ತರಿಸಿ ಮುಂದುವರಿಯುವುದು ದೊಡ್ಡ ಅಪರಾಧ. ಕಂಬದ ಮೂಲೆಗಂಬಿಗಳು ಮೇಲಿನ ಕಟ್ಟಡವನ್ನೇ ಹೊತ್ತಿರುತ್ತವೆ. ಅಡ್ಡಲಾಗಿ ಸುತ್ತಿರುವ ರಿಂಗುಗಳು ಅವನ್ನು ಬಾಗದಂತೆ ತಡೆದಿರುತ್ತವೆ. ಕಂಬಿ ಎಲ್ಲಿದೆಯೆಂಬುದನ್ನು ಕಾಂತಶಕ್ತಿಯಿಂದ ತೋರಿಸುವ ಸಾಧನಗಳಿರುವುದರಿಂದ ಮೊದಲೇ ಗುರುತುಮಾಡಿಕೊಂಡು, ಸಿಕ್ಕಿದರೆ ಆ ರಂಧ್ರವನ್ನು ತುಂಬಿ ಬೇರೆಡೆ ಕೊರೆಯಬೇಕು. ಹಳೆಯ ಕಂಬದ ಹೊರಪದರ ತಟ್ಟಿದಾಗ ಟೊಳ್ಳಾಗಿ ಸದ್ದುಮಾಡಿದರೆ, ಒಳಗಿನ ಕಂಬಿ ತುಕ್ಕುಹಿಡಿದು ಉಬ್ಬಿದೆಯೆಂದು ತಿಳಿಯಬೇಕು. ಉಪ್ಪುನೀರಿನಿಂದ ಕಲಸಿದ ಕಾಂಕ್ರೀಟಿಗೆ ಈ ರೋಗ ಬೇಗ ಬರುವುದು. ಕಂಬಿಯ ಕಾಂಕ್ರೀಟಿನ ನೀರಿನಲ್ಲಿ ಲೀಟರಿಗೆ ೫೦೦ ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡು ಇರಕೂಡದೆಂದು ೨೦೦೦ದ ಮಾನಕ ಹೇಳಿದ್ದರೂ, ಆಳದ ಕೊಳವೆಬಾವಿಯ ನೀರನ್ನೇ ನೆಚ್ಚಿ ಕಟ್ಟಿದೆಡೆಗಳಲ್ಲಿ ಅದನ್ನು ಪರೀಕ್ಷಿಸಿ ಕಟ್ಟಿದವರೆಷ್ಟು ಮಂದಿಯೋ! ಇಂಥ ಕಂಬಕ್ಕೆ ಯಾವ ಕೀಲನ್ನೂ ನೆಡಬಾರದು. ಮೊದಲು ಅದನ್ನೇ ಸರಿಪಡಿಸಬೇಕು.

ಇಷ್ಟೆಲ್ಲ ಆದ ಮೇಲೆ ಕೀಲು ನಿಜವಾಗಿ ಹಿಡಿದಿದೆಯೇ ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯಲಾಗದು. ಒಳ್ಳೆಯ ಕೀಲೂ ಕೆಟ್ಟ ಕೀಲೂ ಹೊರಗೆ ಒಂದೇ ಬಗೆಯಾಗಿ ಕಾಣುತ್ತವೆ. ಕೈಯಿಂದ ಒತ್ತುವ ಸಣ್ಣ ಜಲಯಂತ್ರವೊಂದನ್ನು ಕಡ್ಡಿಗೆ ಸಿಕ್ಕಿಸಿ, ಅದು ದಿನವೂ ಹೊರಬೇಕಾದ ಎಳೆತಕ್ಕಿಂತ ಕಾಲುಪಾಲೋ ಅರ್ಧಪಾಲೋ ಹೆಚ್ಚಾಗಿ ಎಳೆದು ನಿಲ್ಲಿಸಿ, ಜಾರದಿರುವುದನ್ನು ನೋಡುವುದು ಕ್ರಮ. ಎಲ್ಲ ಕೀಲುಗಳನ್ನೂ ಪರೀಕ್ಷಿಸಲಾಗದಿದ್ದರೆ ಕೆಲವನ್ನಾದರೂ, ಅವುಗಳ ಆಯ್ಕೆಯನ್ನು ನೆಟ್ಟವನಿಗೆ ಬಿಡದೆ, ಎಳೆದು ನೋಡಬೇಕು. ಯಂತ್ರದ ಕಾಲುಗಳು ಕೀಲಿಗೆ ತೀರ ಹತ್ತಿರದಲ್ಲಿ ಕಂಬವನ್ನು ಒತ್ತಿ ನಿಂತಿದ್ದರೆ ಆಲಿಕೆ ಮೇಲೇಳಲು ಎಡೆಯೇ ಇರದೆ ಅಂಟಿನ ಪರೀಕ್ಷೆ ಮಾತ್ರ ನಡೆಯುತ್ತದೆ, ಕಂಬದ ಪರೀಕ್ಷೆ ನಡೆಯುವುದಿಲ್ಲ. ಎಳೆದ ದಿನ, ರಾಳದ ಹೆಸರು, ಅದರ ಅವಧಿ ಮುಗಿಯುವ ತಿಂಗಳು, ರಂಧ್ರದ ಆಳ, ಎಳೆದ ಬಲ ಇವನ್ನು ಶಾಲೆಯ ದಾಖಲೆಯ ಪುಸ್ತಕದಲ್ಲಿ, ಯಾವ ಕಂಬ ಎಂಬುದರ ಗುರುತಿನೊಡನೆ ಬರೆದಿಡತಕ್ಕದ್ದು. ಮುಂದೆ ಅದೇ ಕಂಬಕ್ಕೆ ಮತ್ತೇನನ್ನಾದರೂ ತಗುಲಿಸಬೇಕೆಂದು ಬರುವವನಿಗೆ ಎಲ್ಲಿ ಕೊರೆಯಕೂಡದೆಂಬುದು ಅದರಿಂದಲೇ ತಿಳಿಯಬೇಕು.